ಕೆಳಗೆ ಆಫೀಸು, ಮೇಲೆ ಲಾಡ್ಜು: ಸೋಲಾರ್ ಹಾಕಿದರೆ ಸಾಕಾ?

ಪ್ರಶ್ನೆ: ಶಿವಮೊಗ್ಗದ ಸವಳಂಗ ರಸ್ತೆ ಕಡೆ ನಮ್ಮದೊಂದು ಜಾಗ ಇದೆ. ಕೆಳಗಿನ ಮಹಡಿಗಳಲ್ಲಿ ಆಫೀಸು, ಮೇಲೆ ಲಾಡ್ಜ್ ರೂಮು ಕಟ್ಟೋಣ ಅಂತಿದ್ದೇವೆ. ಪರಿಸರಕ್ಕೆ ಹೊರೆಯಾಗಬಾರದು, ಕರೆಂಟ್ ಬಿಲ್ಲೂ ಕಡಿಮೆ ಬರಬೇಕು. ಸೋಲಾರ್ ಹಾಕಿದರೆ ಸಾಕಾ?

ಸಾಲದು. ಸೋಲಾರ್ ಬೇಡ ಅಂತಲ್ಲ, ಖಂಡಿತ ಹಾಕಿ. ಆದರೆ ಲೆಕ್ಕ ನೋಡಿ. ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ ಸುಮಾರು 100 ಚದರಡಿ ಜಾಗ ಬೇಕು, ಒಳ್ಳೆ ಬಿಸಿಲಿದ್ದ ದಿನ ಅದು 4 ಯೂನಿಟ್ ಆಸುಪಾಸು ಕೊಡುತ್ತದೆ. ಐದು ಮಹಡಿ ಕಟ್ಟಿದರೂ ಚಾವಣಿ ಒಂದೇ, ಅದರ ಮೇಲೂ ನೀರಿನ ಟ್ಯಾಂಕು, ಲಿಫ್ಟ್ ರೂಮು, ಎಸಿ ಯೂನಿಟ್ಟುಗಳು ಆಗಲೇ ಬಂದು ಕೂತಿರುತ್ತವೆ. ಇನ್ನು ಜೂನ್‌ನಿಂದ ನಮ್ಮ ಮೋಡ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ?

ಇಂಥ ಜೋಡಿ ಕಟ್ಟಡದಲ್ಲಿ ನಿಜವಾದ ಉಳಿತಾಯ ಇರೋದು ಹೊತ್ತಿನಲ್ಲಿ. ಆಫೀಸು ಬೆಳಗ್ಗೆ 10ಕ್ಕೆ ತುಂಬಿ ಸಂಜೆ 6ಕ್ಕೆ ಖಾಲಿ. ಲಾಡ್ಜು ಸಂಜೆ ತುಂಬಿ ಬೆಳಗ್ಗೆ ಖಾಲಿ. ಭಾನುವಾರ ಆಫೀಸಿಗೆ ಬೀಗ, ಜೋಗ, ಆಗುಂಬೆ ನೋಡೋಕೆ ಬಂದವರಿಂದ ಲಾಡ್ಜು ಫುಲ್ಲು. ಒಂದೇ ವಸ್ತುವನ್ನು ಇಬ್ಬರೂ ಬೇರೆ ಬೇರೆ ಹೊತ್ತಲ್ಲಿ ಬಳಸಬಹುದು ಅಂದಮೇಲೆ ಎರಡೆರಡು ಯಾಕೆ ಕಟ್ಟಬೇಕು?

ಪಾರ್ಕಿಂಗ್ ತಗೊಳ್ಳಿ. ಆಫೀಸಿಗಿಷ್ಟು, ಲಾಡ್ಜಿಗಿಷ್ಟು ಅಂತ ಕೂಡಿಸಿದರೆ ಎರಡು ಬೇಸ್‌ಮೆಂಟ್ ಬೇಕಾಗುತ್ತದೆ. ಹಂಚಿಕೊಂಡರೆ ಒಂದರಲ್ಲೇ ಮುಗಿಯಬಹುದು (ನಗರಪಾಲಿಕೆ ನಿಯಮ ಏನು ಬಿಡುತ್ತದೆ ಅಂತ ಮೊದಲೇ ಕೇಳಿಕೊಳ್ಳಿ). ಒಂದು ಬೇಸ್‌ಮೆಂಟ್ ತಪ್ಪಿತು ಅಂದರೆ ಅಷ್ಟು ಕಾಂಕ್ರೀಟು, ಅಷ್ಟು ಕಬ್ಬಿಣ ತಪ್ಪಿತು. ಮಳೆಗಾಲದಲ್ಲಿ ಒಸರುವ ನೀರನ್ನು ಹಗಲು ರಾತ್ರಿ ಪಂಪ್ ಹಚ್ಚಿ ಎತ್ತುವ ಕಾಟವೂ ತಪ್ಪಿತು. ನನ್ನ ಲೆಕ್ಕದಲ್ಲಿ ಚಾವಣಿ ಮೇಲಿನ ಪ್ಯಾನೆಲ್‌ಗಿಂತ ಇದೇ ದೊಡ್ಡ ಪರಿಸರ ಸೇವೆ.

ಹಾಗೇ ಬಿಸಿನೀರು. ಆಫೀಸಿನ ಎಸಿ ದಿನವಿಡೀ ಒಳಗಿನ ಬಿಸಿಯನ್ನು ಹೊರಗೆ ಉಗುಳುತ್ತಾ ಇರುತ್ತದೆ. ಆ ಬಿಸಿಯನ್ನು ಹಿಡಿದು ನೀರು ಕಾಯಿಸಿ, ಚೆನ್ನಾಗಿ ಇನ್ಸುಲೇಷನ್ ಮಾಡಿದ ಟ್ಯಾಂಕಲ್ಲಿ ಇಟ್ಟರೆ ಮಾರನೇ ಬೆಳಗ್ಗೆ ಅತಿಥಿಗಳ ಸ್ನಾನಕ್ಕೆ ಆಗುತ್ತದೆ. ಆದರೆ ಮಳೆಗಾಲದಲ್ಲಿ ಆಫೀಸಿನವರು ಎಸಿ ಹಾಕೋದೇ ಅಪರೂಪ, ಬಿಸಿನೀರಿನ ಬೇಡಿಕೆಯೋ ಆಗಲೇ ಜಾಸ್ತಿ. ಆ ತಿಂಗಳುಗಳಿಗೆ ಹೀಟ್ ಪಂಪ್ ಇರಲಿ. ಅದು ಗಾಳಿಯ ಬಿಸಿಯನ್ನೇ ಎಳೆದುಕೊಳ್ಳುವುದರಿಂದ ಗೀಸರ್ ತಿನ್ನುವ ಕರೆಂಟಿನ ಸುಮಾರು ಮೂರನೇ ಒಂದು ಭಾಗದಲ್ಲಿ ಅದೇ ಕೆಲಸ ಮಾಡುತ್ತದೆ.

ನೀರಿನ ಲೆಕ್ಕ ಇನ್ನೂ ಚೆನ್ನಾಗಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಸಾಧಾರಣ ಲಾಡ್ಜಿಗೆ ಹಾಸಿಗೆಗೆ ದಿನಕ್ಕೆ 180 ಲೀಟರ್, ಆಫೀಸಿಗೆ ತಲೆಗೆ 45 ಲೀಟರ್ ಅನ್ನುತ್ತದೆ, ಈ 45ರಲ್ಲಿ 20 ಲೀಟರ್ ಬರೀ ಫ್ಲಶ್ಶಿಗೆ. 200 ಜನರ ಆಫೀಸು ಅಂದರೆ ದಿನಕ್ಕೆ 4,000 ಲೀಟರ್ ಒಳ್ಳೆ ನೀರು ಕಮೋಡಿಗೆ. 60 ಹಾಸಿಗೆಯ ಲಾಡ್ಜಿಗೆ ಬೇಕಾಗೋದು 10,800 ಲೀಟರ್. ಅದರ ಸ್ನಾನದ ನೀರನ್ನು ಬೇರೆ ಪೈಪಲ್ಲಿ ತಂದು ಶುದ್ಧಮಾಡಿದರೆ ಆಫೀಸಿನ ಫ್ಲಶ್ಶಿಗೆ ತುಂಗೆಯ ನೀರು ಬೇಕೇ ಇಲ್ಲ. ಈ ಎರಡನೇ ಪೈಪ್‌ಲೈನ್ ನಕ್ಷೆ ಹಂತದಲ್ಲೇ ಬರಬೇಕು. ಗೋಡೆಗೆ ಟೈಲ್ಸ್ ಅಂಟಿಸಿದ ಮೇಲೆ ನೆನಪಾದರೆ ಯಾರೂ ಒಡೆಯೋಕೆ ಹೋಗಲ್ಲ.

ಪಿಲ್ಲರ್ ವಿಷಯ ಬಹಳ ಜನ ಕೇಳೋದೇ ಇಲ್ಲ. ಮೇಲಿನ ರೂಮಿನ ಗೋಡೆಗೂ ಕೆಳಗಿನ ಕಾರಿಗೂ ಏನು ಸಂಬಂಧ ಅಂತೀರಾ? ಕಾರೊಂದಕ್ಕೆ ಎರಡೂವರೆ ಮೀಟರ್ ಅಗಲ ಬೇಕು, ಮೂರು ಕಾರಿಗೆ ಏಳೂವರೆ. ಲಾಡ್ಜ್ ರೂಮು ಮೂರೂಮುಕ್ಕಾಲರಿಂದ ನಾಲ್ಕು ಮೀಟರ್ ಅಗಲ, ಎರಡು ಸೇರಿದರೆ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಪಿಲ್ಲರ್‌ಗಳ ನಡುವೆ 8 ಮೀಟರ್ ಹತ್ತಿರ ಇಟ್ಟುಕೊಂಡರೆ ಕೆಳಗೆ ಮೂರು ಕಾರು, ಮಧ್ಯೆ ಆಫೀಸ್ ಹಾಲು, ಮೇಲೆ ಎರಡು ರೂಮು, ಎಲ್ಲಾ ಒಂದೇ ಸಾಲಿನಲ್ಲಿ ಕೂರುತ್ತವೆ. ಕೂರದಿದ್ದರೆ ಮಧ್ಯದಲ್ಲಿ ಆನೆ ಗಾತ್ರದ ಬೀಮು ಹಾಕಿ ಮೇಲಿನ ಭಾರ ಹೊರಿಸಬೇಕು. ಬಾತ್‌ರೂಮ್ ಪೈಪುಗಳ ಕಥೆಯೂ ಇದೇ. ನೇರ ಕೆಳಗಿಳಿಯದಿದ್ದರೆ ಆಫೀಸಿನವರ ತಲೆ ಮೇಲೆ ಅಡ್ಡಡ್ಡ ಓಡುತ್ತವೆ, ಇವತ್ತಲ್ಲ ನಾಳೆ ಸೋರುತ್ತವೆ.

ಪಶ್ಚಿಮದ ಗೋಡೆ ನಮಗೆ ಎರಡು ಸಲ ಶತ್ರು. ಬೇಸಿಗೆಯಲ್ಲಿ ಇಳಿಬಿಸಿಲು, ಮಳೆಗಾಲದಲ್ಲಿ ಎರಚಲು. ಹಳ್ಳಿಮನೆಗಳಲ್ಲಿ ಮಳೆ ಹಿಡಿಯೋ ಮುಂಚೆ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ. ಮೆಟ್ಟಿಲು, ಲಿಫ್ಟು, ಟಾಯ್ಲೆಟ್ಟು, ಸ್ಟೋರ್‌ರೂಮು ಆ ಕಡೆ ಹೋಗಲಿ. ಉದ್ದದ ಗೋಡೆಗಳು ಉತ್ತರ, ದಕ್ಷಿಣಕ್ಕೆ ಇರಲಿ. ಉತ್ತರಕ್ಕೆ ಬಿಸಿಲೇ ಬರಲ್ಲ ಅಂತ ಸಜ್ಜಾ ಬಿಡುವವರಿದ್ದಾರೆ, ಆದರೆ ನಾವಿರೋದು 14 ಡಿಗ್ರಿ ಅಕ್ಷಾಂಶದ ಹತ್ತಿರ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಎರಡೂ ಕಡೆ ಸಜ್ಜಾ ಬೇಕು. ಬೆಂಗಳೂರಿನ ಟೆಕ್ ಪಾರ್ಕ್ ನೋಡಿ ಪೂರ್ತಿ ಗಾಜು ಹೊದಿಸೋ ಆಸೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ರೂಮುಗಳಿಗೆ ಕಾರ್ಪೆಟ್ ಹಾಸಬೇಡಿ, ಜುಲೈ ಹೊತ್ತಿಗೆ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ. ಮಳೆನೀರು ಹಿಡಿಯಲೇಬೇಕು: 500 ಚದರ ಮೀಟರ್ ಚಾವಣಿ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 25,000 ಲೀಟರ್.

ಪರಿಸರಸ್ನೇಹಿ ಕಟ್ಟಡ ಅಂತ ಸರ್ಟಿಫಿಕೇಟ್ ಬೇಕೆಂದರೆ ಅದನ್ನು ಕೊಡುವ ಗೃಹ (GRIHA), ಐಜಿಬಿಸಿ ಸಂಸ್ಥೆಗಳಿವೆ. ಅದಕ್ಕಿಂತ ಮೊದಲು ನಿಮ್ಮ ಸಂಪರ್ಕಿತ ಲೋಡ್ (ಕಟ್ಟಡದ ಎಲ್ಲಾ ವಿದ್ಯುತ್ ಉಪಕರಣಗಳ ಒಟ್ಟು ಸಾಮರ್ಥ್ಯ) 100 ಕಿಲೋವ್ಯಾಟ್ ಮುಟ್ಟುತ್ತಾ ನೋಡಿ. 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಅಲ್ಲಿಂದ ಮೇಲಿನ ವಾಣಿಜ್ಯ ಕಟ್ಟಡಗಳಿಗಾಗಿಯೇ ಬರೆದದ್ದು. ಮತ್ತೆ ಆಫೀಸಿನ ಪ್ರತಿ ಬಾಡಿಗೆದಾರರಿಗೂ, ಲಾಡ್ಜಿಗೂ, ಕಾಮನ್ ಪಂಪು ಲಿಫ್ಟುಗಳಿಗೂ ಬೇರೆ ಬೇರೆ ಮೀಟರ್ ಹಾಕಿಸಿ, ನೀರಿಗೂ ಅಷ್ಟೇ. ಬಿಲ್ಲನ್ನು ಚದರಡಿ ಲೆಕ್ಕದಲ್ಲಿ ಹಂಚಿದರೆ ಯಾರೂ ಸ್ವಿಚ್ ಆಫ್ ಮಾಡಲ್ಲ.