ಕೇಲ್ ತಳಿ: ಪ್ಯಾಕೆಟ್ಟಿನ ಚಿತ್ರ ಬಿಡಿ, ಎಲೆ ನೋಡಿ

ಹಿತ್ತಲಿಗೆ ಯಾವ ಕೇಲ್ (ಎಲೆಕೋಸಿನ ಬಳಗದ ಸೊಪ್ಪು) ಹಾಕಲಿ ಎಂದು ಕೇಳಿಕೊಂಡು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಸುರುಳಿ ಎಲೆಯ ಪ್ಯಾಕೆಟ್ ಆಗಲೇ ಇರುತ್ತದೆ. ನೋಡಲು ಅದೇ ಚೆಂದ, ಒಪ್ಪುತ್ತೇನೆ. ಆದರೆ ಬೆಳೆದ ಎಲೆಯೊಂದನ್ನು ಮಗುಚಿ, ಅಂಚನ್ನು ಬಿಡಿಸಿ ನೋಡಿ. ಮಡಿಕೆಯೊಳಗೆ ಬೂದಿ ಉದುರಿಸಿದ ಹಾಗೆ ಕೂತಿರುವುದೇ ಎಲೆಕೋಸಿನ ಹೇನು. ಮೈಗೆಲ್ಲ ಮೇಣದ ಪುಡಿ ಮೆತ್ತಿಕೊಂಡಿರುವುದರಿಂದ ಚಿಮುಕಿಸಿದ ನೀರು ಜಾರಿಹೋಗುತ್ತದೆ, ಹೇನು ಅಲ್ಲೇ ಉಳಿಯುತ್ತದೆ. ಸೋಪಿನ ದ್ರಾವಣ ಹೊಡೆದರೂ ಸುರುಳಿಯ ಒಳಕ್ಕೆ ತಲುಪುವುದು ಕಷ್ಟ. ಅದಕ್ಕೇ ಮೊದಲ ಸಲ ಬೆಳೆಯುವವರಿಗೆ ನಾನು ಈ ತಳಿ ಹೇಳುವುದಿಲ್ಲ. ಹಿಮ ಬೀಳುವ ಕಡೆಯವರ ಲೆಕ್ಕ ಬೇರೆ. ವಿಂಟರ್‌ಬೋರ್‌ನಂಥ ಸುರುಳಿ ತಳಿಗಳು ಕಡು ಚಳಿಯನ್ನೂ ತಡೆಯುತ್ತವೆ. ಚಳಿ ತಾಗಿದ ಎಲೆಯಲ್ಲಿ ಸಕ್ಕರೆ ಕೂಡಿ ಕಹಿ ಹಿಂದೆ ಸರಿಯುತ್ತದೆ. ಕುಂಡದಲ್ಲಿ ಬೆಳೆಯುವವರಿಗೆ ವೇಟ್ಸ್ ಎಂಬ ಗಿಡ್ಡ ತಳಿ ಸಾಕು.

ನನ್ನ ಆಯ್ಕೆ ಲಾಸಿನಾಟೋ. ಇಟಲಿಯ ಟಸ್ಕನಿ ಕಡೆಯದು. ಎಲೆಯ ಮೈ ಉಬ್ಬುತಗ್ಗಾಗಿರುವುದರಿಂದ ಡೈನೋಸಾರ್ ಕೇಲ್ ಎಂದೂ ಮಾರುತ್ತಾರೆ. ಎಲೆ ಪಟ್ಟಿಯಂತೆ ಉದ್ದ, ಕಪ್ಪುಹಸಿರು. ಹುಳಕ್ಕೆ ಅಡಗಲು ಜಾಗ ಕಡಿಮೆ, ಬೆರಳಲ್ಲಿ ಒರೆಸಿದರೆ ಮುಗಿಯಿತು. ಬಿಸಿಲನ್ನೂ ತುಸು ಹೆಚ್ಚು ತಾಳುತ್ತದೆ. ಸಸಿ ನಾಟಿ ಮಾಡಿದ ಸುಮಾರು 60 ದಿನಕ್ಕೆ ಬುಡದ ಕಡೆಯಿಂದ ಎಲೆ ಮುರಿಯುತ್ತಾ ಹೋಗಬಹುದು. ಸುಳಿಗೆ ಮಾತ್ರ ಕೈ ಹಾಕಬೇಡಿ. ನಡುದಂಟು ನಾರುನಾರು, ಅಡುಗೆಗೆ ಮೊದಲೇ ಸೀಳಿ ತೆಗೆಯಿರಿ.

ಹಸಿಯಾಗಿ ತಿನ್ನುವ ಆಸೆಯಿದ್ದರೆ ರೆಡ್ ರಷ್ಯನ್. ನೇರಳೆ ದಂಟು, ಚಪ್ಪಟೆ ಎಲೆ. ಬಿತ್ತಿದ 25-30 ದಿನಕ್ಕೇ ಎಳೆ ಎಲೆ ಸಿಗುತ್ತದೆ. ಕಿತ್ತ ಮೇಲೆ ಬೇಗ ಬಾಡುವುದೊಂದು ದೋಷ. ಅಡುಗೆಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಬೆಳೆದವರಿಗೆ ಅದೂ ದೋಷವಲ್ಲ.

ಬೀಜ ಎತ್ತಿಡುವ ಯೋಚನೆಯಿದ್ದವರು ಇನ್ನೊಂದು ಸಂಗತಿ ನೋಡಬೇಕು. ಸುರುಳಿ ಕೇಲ್, ಲಾಸಿನಾಟೋ, ಎಲೆಕೋಸು, ಹೂಕೋಸು, ನವಿಲುಕೋಸು ಎಲ್ಲವೂ ಒಂದೇ ಜಾತಿ, ಬ್ರಾಸಿಕಾ ಒಲರೇಸಿಯಾ. ಒಟ್ಟಿಗೆ ಹೂಬಿಟ್ಟರೆ ಒಂದರ ಪರಾಗ ಇನ್ನೊಂದಕ್ಕೆ ತಾಗಿ ಬೀಜ ಬೆರಕೆಯಾಗುತ್ತದೆ. ರೆಡ್ ರಷ್ಯನ್ ಬ್ರಾಸಿಕಾ ನೇಪಸ್ ಜಾತಿಯದು, ಇವುಗಳೊಡನೆ ಸುಲಭಕ್ಕೆ ಬೆರೆಯುವುದಿಲ್ಲ. ಇದನ್ನು ಓದಿ ತಿಳಿದಿದ್ದೂ ಒಂದು ವರ್ಷ ನಾನು ಅಸಡ್ಡೆ ಮಾಡಿದೆ. ಲಾಸಿನಾಟೋ ಹೂಬಿಟ್ಟ ಹೊತ್ತಿಗೆ ಪಕ್ಕದ ಮಡಿಯ ನವಿಲುಕೋಸೂ ಹೂಬಿಟ್ಟಿತ್ತು, ಜೇನುನೊಣಗಳು ಎರಡರ ಮೇಲೂ ಓಡಾಡುತ್ತಿದ್ದವು. ಆ ಬೀಜದಿಂದ ಎದ್ದ ಗಿಡಗಳು ಅತ್ತ ಗೆಡ್ಡೆಯೂ ಅಲ್ಲದ ಇತ್ತ ಕಾಂಡವೂ ಅಲ್ಲದ ಊದಿದ ಬುಡ ಹೊತ್ತು, ಬಿರುಸು ಎಲೆ ಬಿಟ್ಟುಕೊಂಡು ನಿಂತವು. ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆ.