ಮಳೆ ಬಂದ್ರೆ ಇಎಲ್‌ಸಿಬಿ ಬೀಳುತ್ತೆ, ತೆಗೆಸಿಬಿಡೋಣ್ವಾ?

ಪ್ರಶ್ನೆ: ಜೋರು ಮಳೆ ಬಂದ ರಾತ್ರಿ ನಮ್ಮ ಮನೆಯ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಬಿದ್ದು ಮನೆಯೆಲ್ಲ ಕತ್ತಲಾಗುತ್ತದೆ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಎತ್ತಿದರೆ ನಿಲ್ಲುತ್ತದೆ. ಅದು ಕೆಟ್ಟಿದೆ, ತೆಗೆದು ಡೈರೆಕ್ಟ್ ಕೊಟ್ಟುಬಿಡೋಣ ಅಂತ ಪರಿಚಯದವರು ಹೇಳುತ್ತಾರೆ. ಕೊಡಬಹುದಾ?

ಬೇಡ, ದಯವಿಟ್ಟು ತೆಗೆಸಬೇಡಿ. ಮಳೆಗೆ ಬಿದ್ದು ಬಿಸಿಲಿಗೆ ನಿಲ್ಲುತ್ತದೆ ಅಂದರೆ ಅದು ಸರಿಯಾಗೇ ಕೆಲಸ ಮಾಡುತ್ತಿರುವ ಸಾಧ್ಯತೆ ಜಾಸ್ತಿ. ಎಲ್ಲೋ ನೀರು ವೈರಿಗೆ ತಾಗುತ್ತಿದೆ.

ನಾವೆಲ್ಲ ಇಎಲ್‌ಸಿಬಿ ಅನ್ನುವ ಡಬ್ಬಿ ಈಗಿನ ಮನೆಗಳಲ್ಲಿ ನಿಜವಾಗಿ ಆರ್‌ಸಿಸಿಬಿ. ಅದು ಒಂದೇ ಲೆಕ್ಕ ನೋಡುತ್ತದೆ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲಿನಲ್ಲಿ ವಾಪಸ್ ಬರಬೇಕು. ಕಡಿಮೆ ಬಂತು ಅಂದರೆ ಉಳಿದದ್ದು ಗೋಡೆಗೋ, ನೆಲಕ್ಕೋ, ಯಾರದೋ ಮೈಯಿಂದಲೋ ಸೋರುತ್ತಿದೆ. ಮನೆಗೆ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪಿನದು. ಅಂದರೆ ಸುಮಾರು 7 ವಾಟಿನ ಬಲ್ಬು ಎಳೆಯುವಷ್ಟು ಕರೆಂಟ್ ಸೋರಿದರೂ ಅದು ಬೀಳಲೇಬೇಕು. ಪಕ್ಕದಲ್ಲಿರುವ 16 ಆಂಪಿನ ಎಂಸಿಬಿ (ಒಂದೊಂದು ಲೈನಿಗೂ ಇರುವ ಸಣ್ಣ ಸ್ವಿಚ್ಚು) ಈ ಕೆಲಸ ಮಾಡುವುದಿಲ್ಲ. ಅದು ಇರುವುದು ವೈರು ಸುಡದಂತೆ ಕಾಯಲು. ಜೀವ ಹೋಗಲು 16 ಆಂಪ್ ಬೇಕಿಲ್ಲ, ಅದರ ತೀರಾ ಸಣ್ಣ ಪಾಲು ಸಾಕು.

ಇಂಥದೇ ದೂರು ಬಂದ ಒಂದು ಮನೆಯಲ್ಲಿ ಗೇಟಿನ ಕಂಬದ ದೀಪ ಬಿಚ್ಚಿ ನೋಡಿದ್ದೆ. ಒಳಗೆ ಅರ್ಧ ಲೋಟ ನೀರು, ಇರುವೆ ತಂದು ಹಾಕಿದ ಮಣ್ಣು. ಜಾಯಿಂಟಿನ ಟೇಪು ಅಂಟು ಬಿಟ್ಟು ಜೋತುಬಿದ್ದಿತ್ತು. ತಾಮ್ರಕ್ಕೆ ಹಸಿರು ಹಿಡಿದಿತ್ತು. ಆ ಮನೆಯ ಮಕ್ಕಳು ದಿನಾ ಅದೇ ಕಬ್ಬಿಣದ ಗೇಟು ಹತ್ತಿ ತೂಗಾಡುತ್ತಿದ್ದರು. ಅಲ್ಲಿ ಡೈರೆಕ್ಟ್ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಿಮ್ಮ ಮನೆಯಲ್ಲಿ ಸೋರುವ ಜಾಗ ಹುಡುಕುವುದು ಹೀಗೆ. ಬಿದ್ದಾಗ ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ. ನಿಂತಿತಾ? ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತಾ ಬನ್ನಿ. ಯಾವುದು ಎತ್ತಿದಾಗ ಬೀಳುತ್ತದೋ ಆ ಲೈನಿನಲ್ಲೇ ತೊಂದರೆ. ಅದೊಂದನ್ನು ಇಳಿಸಿಟ್ಟು ರಾತ್ರಿ ಕಳೆಯಬಹುದು. ನನ್ನ ಅನುಭವದಲ್ಲಿ ಮಳೆಗಾಲದ ಕಳ್ಳರು ಹೆಚ್ಚಾಗಿ ಹೊರಗೇ ಇರುತ್ತಾರೆ: ಗೇಟಿನ ದೀಪ, ಸಂಪಿನ ಮೋಟರು, ಟೆರೇಸಿನ ಪ್ಲಗ್ಗು. ಒಳಗಿನದಾದರೆ ಗೀಸರಿನ ಕಾಯಿಲ್.

ಎಲ್ಲ ಎಂಸಿಬಿ ಇಳಿಸಿದರೂ ನಿಲ್ಲದಿದ್ದರೆ? ಆಗ ಎಲ್ಲೋ ನ್ಯೂಟ್ರಲ್ ವೈರು ಅರ್ಥಿಗೆ ತಾಗಿರಬಹುದು. ನಮ್ಮ ಮನೆಗಳ ಎಂಸಿಬಿ ಬಹುಪಾಲು ಫೇಸ್ ಮಾತ್ರ ಕತ್ತರಿಸುತ್ತದೆ, ನ್ಯೂಟ್ರಲ್ ಹಾಗೇ ಉಳಿದಿರುತ್ತದೆ. ಗೋಡೆಯ ಸ್ವಿಚ್ಚೂ ಅಷ್ಟೇ. ಅದಕ್ಕೇ ಫ್ರಿಜ್ಜು, ವಾಷಿಂಗ್ ಮಷೀನು, ಗೀಸರಿನ ಪ್ಲಗ್ಗನ್ನೇ ಕಿತ್ತು ಇನ್ನೊಮ್ಮೆ ನೋಡಿ. ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಇದನ್ನೆಲ್ಲ ಮಾಡಬೇಡಿ. ಆಗಲೂ ಬೀಳುತ್ತಿದ್ದರೆ ವೈರ್‌ಮನ್ ಬರಲೇಬೇಕು. ಆರ್‌ಸಿಸಿಬಿಯೇ ಕೆಟ್ಟಿದೆಯಾ ಅನ್ನುವ ಪ್ರಶ್ನೆ ಬರುವುದು ಇಷ್ಟೆಲ್ಲ ಆದ ಮೇಲೆ.

ಡಬ್ಬಿಯ ಮೇಲೆ ‘ಟಿ’ ಅಂತ ಬರೆದ ಸಣ್ಣ ಬಟನ್ ಇದೆಯಲ್ಲ, ಅದನ್ನು ತಿಂಗಳಿಗೊಮ್ಮೆ ಒತ್ತಿ. ಕಂಪ್ಯೂಟರ್ ಮೊದಲೇ ಆಫ್ ಮಾಡಿರಿ. ಒತ್ತಿದ ತಕ್ಷಣ ಬಿದ್ದರೆ ಸರಿ. ಬೀಳಲಿಲ್ಲವಾ, ತಡ ಮಾಡದೆ ಬದಲಾಯಿಸಿ. ಆದರೆ ಆ ಬಟನ್ ಡಬ್ಬಿಯನ್ನು ಮಾತ್ರ ಪರೀಕ್ಷೆ ಮಾಡುತ್ತದೆ, ನಿಮ್ಮ ಮನೆಯ ಅರ್ಥಿಂಗನ್ನಲ್ಲ. ಅರ್ಥ್ ವೈರು ತುಂಡಾಗಿರುವ ಮನೆಯಲ್ಲೂ ಬಟನ್ ಒತ್ತಿದರೆ ಚೆನ್ನಾಗಿಯೇ ಬೀಳುತ್ತದೆ! ಅರ್ಥಿಂಗ್ ನೋಡಲು ವೈರ್‌ಮನ್ ಹತ್ತಿರ ಬೇರೆ ಮೀಟರ್ ಇರುತ್ತದೆ. ಉಪ್ಪು, ಇದ್ದಿಲು ಹಾಕಿದ ಹಳೇ ಅರ್ಥ್ ಗುಂಡಿಯಾದರೆ ಮಾರ್ಚ್, ಏಪ್ರಿಲ್‌ನಲ್ಲಿ ಆಗಾಗ ಒಂದು ಬಿಂದಿಗೆ ನೀರು ಹೊಯ್ಯಿರಿ. ಒಣಗಿದ ಮಣ್ಣು ಕರೆಂಟನ್ನು ಸುಲಭವಾಗಿ ಇಳಿಸಿಕೊಳ್ಳುವುದಿಲ್ಲ.

ಉಳಿದ ಕೆಲಸವನ್ನು ರೋಹಿಣಿ ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲೇ ಮಾಡಿಸಿಬಿಡಿ. ಈ ಸ್ವಿಚ್ಚುಗಳೆಲ್ಲ ಇರುವ ಡಿಬಿ ಬಾಕ್ಸಿನ ಮುಚ್ಚಳ ನೀವು ಬಿಚ್ಚಬೇಡಿ. ಮೇನ್ ಇಳಿಸಿದರೂ ಅದರ ಮೇಲ್ಗಡೆ, ಮೀಟರಿನಿಂದ ಬರುವ ವೈರಿನಲ್ಲಿ ಕರೆಂಟ್ ಇರುತ್ತದೆ. ವೈರ್‌ಮನ್ ಬಂದಾಗ ಎಲ್ಲ ಸ್ಕ್ರೂ ಬಿಗಿ ಮಾಡಿಸಿ. ಬೇಸಿಗೆಯಿಡೀ ಎಸಿ ಓಡಿದ ಮನೆಯಲ್ಲಿ ವೈರು ಕಾಯ್ದು ತಣಿದು ಸ್ಕ್ರೂ ಸಡಿಲವಾಗಿರುತ್ತದೆ. ನ್ಯೂಟ್ರಲ್ ವೈರುಗಳೆಲ್ಲ ಸೇರುವ ಪಟ್ಟಿಯನ್ನು ಟಾರ್ಚ್ ಬಿಟ್ಟು ನೋಡಲು ಹೇಳಿ. ಯಾವುದಾದರೂ ವೈರಿನ ತುದಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಅಷ್ಟನ್ನು ಕತ್ತರಿಸಿ ಹೊಸದಾಗಿ ಹಾಕಬೇಕು. ತ್ರೀ ಫೇಸ್ ಮನೆಯಲ್ಲಂತೂ ಮೇನ್ ನ್ಯೂಟ್ರಲ್ ಕಳಚಿಕೊಂಡರೆ ಒಂದು ಫೇಸಿನಲ್ಲಿ ವೋಲ್ಟೇಜ್ ಏರಿ ಟಿವಿ, ಫ್ರಿಜ್ಜು ಒಟ್ಟಿಗೇ ಸುಟ್ಟುಹೋಗುತ್ತವೆ. ಹಲ್ಲಿ ನುಗ್ಗುವ ತೂತುಗಳನ್ನೂ ಮುಚ್ಚಿಸಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಕೆಲಸ ಶುರು ಮಾಡುವ ಮುಂಚೆಯೇ ವೈರ್‌ಮನ್‌ಗೆ ಹೇಳಿ. ಮೇನ್ ಇಳಿಸಿದ ಕ್ಷಣವೇ ಅದು ತನಗೆ ಜೋಡಿಸಿದ ಲೈನುಗಳಿಗೆ ಕರೆಂಟ್ ಕೊಡಲು ಶುರು ಮಾಡುತ್ತದೆ.