ಪಟ್ಟಿಯಲ್ಲಿ ಕಾಣದ ಸರ್ವರ್

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಮುದ್ರಣಾಲಯವನ್ನು ಕಲ್ಪಿಸಿಕೊಳ್ಳಿ. ಕನ್ನಡ ಮತ್ತು ಉರ್ದು ಲಗ್ನಪತ್ರಿಕೆಗಳು ವಿಂಡೋಸ್ ಕಂಪ್ಯೂಟರುಗಳಲ್ಲಿ ಸಿದ್ಧವಾಗಿ, ಮೂಲೆಯಲ್ಲಿರುವ, ವಿಂಡೋಸ್ ಬದಲು ಲಿನಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುವ ಯಂತ್ರವೊಂದರಲ್ಲಿ ಸಂಗ್ರಹವಾಗುತ್ತವೆ. ಅದೇ ಅಲ್ಲಿನ ಸರ್ವರ್. ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಗಿ ಬಂದ ಮೇಲೆ ಆಪರೇಟರ್ ‘ಸರ್ವರ್ ಕಾಣವಲ್ದು’ ಎನ್ನುತ್ತಾನೆ. ಬಹಳಷ್ಟು ಸಲ ಸರ್ವರ್ ಚೆನ್ನಾಗಿಯೇ ನಡೆಯುತ್ತಿರುತ್ತದೆ. ತಪ್ಪಿರುವುದು ‘ನೆಟ್‌ವರ್ಕ್’ ಕಿಟಕಿಯ ಪಟ್ಟಿಯಷ್ಟೇ. ನಿಲ್ದಾಣದ ಫಲಕದಲ್ಲಿ ಊರಿನ ಹೆಸರಿಲ್ಲದಿದ್ದರೂ ಆ ಊರಿಗೆ ಬಸ್ಸು ಹೋಗುತ್ತಿರಬಹುದು. ಹಾಗೆಯೇ ಯಂತ್ರವೊಂದು ಪಟ್ಟಿಯಲ್ಲಿ ಕಾಣದಿರುವುದೂ ಅದರೊಳಗಿನ ಕಡತ ತೆರೆಯದಿರುವುದೂ ಬೇರೆ ಬೇರೆ ದೋಷಗಳು. ಇವೆರಡನ್ನು ಬೆರೆಸಿದವರು ಸರಿಯಾಗಿರುವುದನ್ನೇ ಬಿಚ್ಚಿ ಕೂರುತ್ತಾರೆ.

ಕಡತ ಹಂಚಿಕೆಗೆ ವಿಂಡೋಸ್ ಬಳಸುವ ಎಸ್‌ಎಂಬಿ ಎಂಬ ನಿಯಮಾವಳಿಯನ್ನು 1983ರ ಸುಮಾರಿಗೆ ಐಬಿಎಂನಲ್ಲಿ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದರು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್, ತಂತಿಯ ಮೇಲೆ ಹರಿಯುವ ಸಂದೇಶಗಳನ್ನೇ ಗಮನಿಸಿ ಈ ನಿಯಮಾವಳಿಯ ನಡಾವಳಿಯನ್ನು ಊಹಿಸುತ್ತ, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ವ್ಯವಸ್ಥೆಯ ಯಂತ್ರಗಳಿಗಾಗಿ ಬರೆದ ತಂತ್ರಾಂಶವೇ ಮುಂದೆ ಸ್ಯಾಂಬಾ ಆಯಿತು. ಲಿನಕ್ಸ್ ಯಂತ್ರ ವಿಂಡೋಸ್ ಜೊತೆ ಕಡತ ಹಂಚಿಕೊಳ್ಳುವುದು ಇದರ ಮೂಲಕವೇ. ಅದರ ಮೊದಲ ರೂಪ ಹೊರಬಂದದ್ದು 1992ರಲ್ಲಿ.

ಹಳೆಯ ವ್ಯವಸ್ಥೆಯಲ್ಲಿ ಪಟ್ಟಿಯನ್ನು ಇಟ್ಟುಕೊಳ್ಳುವುದಕ್ಕೆ ಖಾಯಂ ಯಂತ್ರವಿರಲಿಲ್ಲ. ಜಾಲದಲ್ಲಿರುವ ಯಂತ್ರಗಳು ತಮ್ಮತಮ್ಮಲ್ಲೇ ಚುನಾವಣೆ ನಡೆಸಿ ಒಂದನ್ನು ಮುಖ್ಯಸ್ಥನನ್ನಾಗಿ ಆರಿಸುತ್ತಿದ್ದವು; ಉಳಿದವು ಚಾಲೂ ಆಗಿ ಸ್ವಲ್ಪ ಹೊತ್ತಾದ ಮೇಲೆ 12 ನಿಮಿಷಕ್ಕೊಮ್ಮೆ ತಮ್ಮ ಇರುವನ್ನು ಸಾರುತ್ತಿದ್ದವು. ಸತತ ಮೂರು ಸಾರಿಕೆ ತಪ್ಪಿದರೆ, ಅಂದರೆ 36 ನಿಮಿಷ ಕಳೆದರೆ, ಹೆಸರು ಪಟ್ಟಿಯಿಂದ ಅಳಿಯುತ್ತಿತ್ತು. ಆದ್ದರಿಂದ ಆರಿಹೋದ ಯಂತ್ರ ಅರ್ಧ ಗಂಟೆಯವರೆಗೂ ಪಟ್ಟಿಯಲ್ಲಿ ಉಳಿಯುತ್ತಿದ್ದುದು ದೋಷವಾಗಿರಲಿಲ್ಲ. ವ್ಯವಸ್ಥೆಯನ್ನು ಕಟ್ಟಿದ್ದೇ ಹಾಗೆ. ಕರೆಂಟು ಬಂದೊಡನೆ ಎಲ್ಲ ಯಂತ್ರಗಳೂ ಒಟ್ಟಿಗೆ ಎದ್ದಾಗ ಹೊಸ ಚುನಾವಣೆ ನಡೆದು, ಪಟ್ಟಿ ಮೊದಲಿನಿಂದ ಕಟ್ಟಿಕೊಳ್ಳಬೇಕಾಗುತ್ತಿತ್ತು.

2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಎಸ್‌ಎಂಬಿಯ ಮೊದಲ ಆವೃತ್ತಿಯ ಬಿರುಕಿನಿಂದ ನುಗ್ಗಿ ಜಗತ್ತಿನಾದ್ಯಂತ ಹರಡಿತು. ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣೆಯಿಂದ ಆ ಆವೃತ್ತಿ ಹೊಸ ಯಂತ್ರಗಳಲ್ಲಿ ತಾನಾಗಿ ಅಳವಡುವುದು ನಿಂತಿತು. 2019ರಲ್ಲಿ ಸ್ಯಾಂಬಾ ಕೂಡ ಅದನ್ನು ಬದಿಗಿಟ್ಟಿತು. ಹಳೆಯ ಪಟ್ಟಿಯ ವ್ಯವಸ್ಥೆ ಅದರ ಜೊತೆಗೇ ಹೋಯಿತು. ಈಗ ವಿಂಡೋಸ್ ನೆರೆಯ ಯಂತ್ರಗಳನ್ನು ಹುಡುಕಲು ಡಬ್ಲ್ಯುಎಸ್-ಡಿಸ್ಕವರಿ ಎಂಬ ಬೇರೆ ವಿಧಾನವನ್ನು ಬಳಸುತ್ತದೆ. ಸ್ಯಾಂಬಾ ಒಂದೇ ಇದ್ದರೆ ಈ ಕರೆಗೆ ಉತ್ತರ ಸಿಗದು. ಲಿನಕ್ಸ್‌ನಲ್ಲಿ ಡಬ್ಲ್ಯುಎಸ್‌ಡಿಡಿ ಎಂಬ ಚಿಕ್ಕ ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಓಡಿಸಬೇಕು. ಇದಕ್ಕೆ ಬದಲಾಗಿ ಮೊದಲ ಆವೃತ್ತಿಯನ್ನೇ ಮತ್ತೆ ಚಾಲೂ ಮಾಡುವಂತೆ ಹೇಳುವವರು ಇಂದಿಗೂ ಇದ್ದಾರೆ. ಒಂದು ಚಿತ್ರಚಿಹ್ನೆ ಕಾಣಲೆಂದು ಇಡೀ ಅಂಗಡಿಯ ಕಡತಗಳನ್ನು ಅಪಾಯಕ್ಕೆ ಒಡ್ಡುವ ಈ ಸಲಹೆಯನ್ನು ನಾನಂತೂ ಒಪ್ಪಲಾರೆ.

ಹಾಗಾದರೆ ತನಿಖೆ ಕೆಳಗಿನಿಂದ ಮೇಲಕ್ಕೆ ಸಾಗಬೇಕು. ಮೊದಲು ಸರ್ವರಿನ ಐಪಿ ವಿಳಾಸವನ್ನು, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಅಂಕಿಗಳನ್ನು, ಅದರ ಪರದೆಯಲ್ಲೇ ನೋಡಿಕೊಳ್ಳಬೇಕು, ಏಕೆಂದರೆ ರೂಟರ್ ಆರಿ ಹತ್ತಿದ ಮೇಲೆ ಬೇರೆ ವಿಳಾಸ ಕೊಟ್ಟಿರಬಹುದು. ರೂಟರಿನಲ್ಲೇ ವಿಳಾಸವನ್ನು ಸ್ಥಿರಗೊಳಿಸಿದರೆ ಈ ಕಾಟ ತಪ್ಪುತ್ತದೆ. ಬಳಿಕ ವಿಂಡೋಸ್‌ನ ಫೋಲ್ಡರ್ ಕಿಟಕಿಯ ಮೇಲ್ಭಾಗದ ವಿಳಾಸದ ಸಾಲಿನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಆ ಅಂಕಿಗಳನ್ನೇ ಬರೆಯಬೇಕು. ಫೋಲ್ಡರುಗಳು ತೆರೆದುಕೊಂಡರೆ ಹಂಚಿಕೆ ಸರಿಯಿದೆ, ಕೆಟ್ಟಿರುವುದು ಹೆಸರು ಅಥವಾ ಪಟ್ಟಿ ಮಾತ್ರ. ಏನೂ ಉತ್ತರ ಬರದಿದ್ದರೆ ಸ್ಯಾಂಬಾ ಎದ್ದಿದೆಯೇ, ಫೈರ್‌ವಾಲ್ ಎಂಬ ಕಾವಲು ತಂತ್ರಾಂಶ ಎಸ್‌ಎಂಬಿ ಬಳಸುವ 445ನೆಯ ಪೋರ್ಟನ್ನು, ಅಂದರೆ ಆ ಸಂಖ್ಯೆಯ ಬಾಗಿಲನ್ನು, ತಡೆದಿದೆಯೇ ಎಂದು ನೋಡಬೇಕು.

ಪಾಸ್‌ವರ್ಡ್ ಕೇಳಿ ಮತ್ತೆ ಮತ್ತೆ ತಿರಸ್ಕರಿಸಿದರೆ ಅದು ಒಳ್ಳೆಯ ಸುದ್ದಿಯೇ: ತಂತಿ, ವಿಳಾಸ, ಪೋರ್ಟ್ ಎಲ್ಲವೂ ಸರಿಯಿವೆ. ಸ್ಯಾಂಬಾ ತನ್ನ ಪಾಸ್‌ವರ್ಡುಗಳನ್ನು ಲಿನಕ್ಸ್‌ನ ಪಾಸ್‌ವರ್ಡುಗಳಿಂದ ಬೇರೆಯಾಗಿ ಇಟ್ಟುಕೊಳ್ಳುವುದರಿಂದ, ಬಳಕೆದಾರನನ್ನು smbpasswd ಎಂಬ ಆದೇಶದ ಮೂಲಕ ಅಲ್ಲಿಯೂ ಸೇರಿಸಿರಬೇಕು. ಒಳಗೆ ಬಿಟ್ಟು ಉಳಿಸಲು ಮಾತ್ರ ಬಿಡದಿದ್ದರೆ, ಸ್ಯಾಂಬಾ ಅನುಮತಿ ಕೊಟ್ಟರೂ ಲಿನಕ್ಸ್ ಆ ಫೋಲ್ಡರಿನಲ್ಲಿ ಬರೆಯಲು ಬಿಡುತ್ತಿಲ್ಲವೆಂದು ಶಂಕಿಸಬಹುದು. ಎರಡೂ ಕಡೆಯ ಒಪ್ಪಿಗೆ ಬೇಕು.

ನಮ್ಮ ಭಾಷೆಗೇ ವಿಶೇಷವಾದ ಒಂದು ತೊಡಕೂ ಇದೆ. ಲಿನಕ್ಸ್‌ನ ಸಾಮಾನ್ಯ ಡಿಸ್ಕ್ ವ್ಯವಸ್ಥೆಗಳಲ್ಲಿ ಕಡತದ ಹೆಸರು 255 ಬೈಟ್ ಮೀರುವಂತಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1, ಉರ್ದು ಅಕ್ಷರಕ್ಕೆ 2, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಒತ್ತು, ಗುಣಿತಗಳಿಗೂ ಪ್ರತ್ಯೇಕ ಲೆಕ್ಕ. ‘ಲಗ್ನಪತ್ರಿಕೆ’ ನಮ್ಮ ಕಣ್ಣಿಗೆ ಐದು ಅಕ್ಷರ, ಯಂತ್ರಕ್ಕೆ 11 ಸಂಕೇತ, 33 ಬೈಟ್. ವಿಂಡೋಸ್ ಬೈಟುಗಳನ್ನು ಎಣಿಸದೆ ಅಂಥ 255 ಸಂಕೇತಗಳವರೆಗೆ ಒಪ್ಪುವುದರಿಂದ, ವಧೂವರರ ಹೆಸರು, ಊರು, ಮುಹೂರ್ತವನ್ನೆಲ್ಲ ಸೇರಿಸಿ ಹೆಸರಿಟ್ಟ ಕಡತ ಅಲ್ಲಿ ಸಲೀಸಾಗಿ ಉಳಿಯುತ್ತದೆ, ಸರ್ವರಿಗೆ ನಕಲು ಮಾಡುವಾಗ ಮಾತ್ರ ನಿರಾಕರಣೆ ಬರುತ್ತದೆ. ಹೆಸರನ್ನು 85 ಸಂಕೇತಗಳೊಳಗೆ ಮೊಟಕುಗೊಳಿಸಿದರೆ ಸಾಕು. ಸ್ಯಾಂಬಾದ ಸೆಟ್ಟಿಂಗಿಗೆ ಕೈ ಹಚ್ಚಬೇಕಿಲ್ಲ.